ಪದ ಬೇಕಾಗಿದೆ: ಪಿಸ್ತೂಲಿಗೆ ಒಪ್ಪುವ ಕತ್ತಿ, ಜೋಡಿಯೋ ಜೊತೆಯೋ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ಎರಡು ಮೂರು ಬೇಕು, ಆದರೆ ಒಂದು ಮಾತ್ರ ಹದಿನೈದು ದಿನದಿಂದ ತಲೆ ತಿನ್ನುತ್ತಿದೆ: ಒಂದೇ ಹೋಲಿಕೆಯಲ್ಲಿ ಮಾಡಿದ ಎರಡು ಬೇರೆ ಬೇರೆ ವಸ್ತುಗಳಿಗೆ ಏನನ್ನಬೇಕು?

ನಮ್ಮ ಭಾವನವರಿಗೆ ಹಳೇ ಪಿಸ್ತೂಲುಗಳ ಹುಚ್ಚು. ಅವರ ಮನೆ ಇರುವುದು ಕೊಡಗಿನಲ್ಲಿ, ಕಾಫಿ ತೋಟದ ಮಧ್ಯೆ. ತಾತನ ಕಾಲದ, ಕೇಪು (ಸಿಡಿಮದ್ದಿನ ಪುಟ್ಟ ಟೊಪ್ಪಿ) ಇಟ್ಟು ಹೊಡೆಯುವಂಥ ಪಿಸ್ತೂಲು ಎರಡು ಮನೆಯಲ್ಲೇ ಇದ್ದವು. ನಳಿಗೆಗೆ ಎಂದೋ ಸೀಸ ಹುಯ್ದು ಮುಚ್ಚಿದ್ದಾರೆ, ಒಳಗಿನ ಸ್ಪ್ರಿಂಗ್ ತುಕ್ಕು ತಿಂದು ಹೋಗಿದೆ. ಲೈಸೆನ್ಸ್ ಇದೆಯಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ರಿಪೇರಿ ಮಾಡಿದರೂ ಗುಂಡು ಹಾರದಂಥ ಹಳೇ ಮಾದರಿಯ ಆಯುಧಗಳಿಗೆ 1959ರ ಆಯುಧ ಕಾಯಿದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಚರ್ಚೆ ಆ ಕಡೆ ಹೋಗದಿರಲಿ, ನಮಗೆ ಬೇಕಾಗಿರುವುದು ಪದ.

ಭಾವನವರು ಹೊಸದಾಗಿ ಏನು ಮಾಡಿದ್ದಾರೆ ಅಂದರೆ, ಒಂದೊಂದು ಪಿಸ್ತೂಲಿಗೂ ಅದನ್ನೇ ಹೋಲುವ ಹಿಡಿ ಇರುವ ಒಂದೊಂದು ಕತ್ತಿ ಮಾಡಿಸಿದ್ದಾರೆ. ಅದೇ ಬಾಗು, ಅದೇ ಕೆತ್ತನೆ, ಅದೇ ಬೆಳ್ಳಿ ಕಟ್ಟು. ಎರಡನ್ನೂ ಗಾಜಿನ ಬೀರುವಿನಲ್ಲಿ ಅಕ್ಕಪಕ್ಕ ಇಟ್ಟು, ಕೆಳಗೆ ಕನ್ನಡದಲ್ಲಿ ಚೀಟಿ ಅಂಟಿಸಬೇಕು. ಬರೆಯುವ ಕೆಲಸ ನನ್ನ ತಲೆಗೆ ಬಂತು. ‘ಭಾಷೆ ಗೀಷೆ ಅಂತ ಓಡಾಡ್ತೀಯಲ್ಲ, ನೀನೇ ಬರಿ’ ಅಂದರು.

ಮೊದಲ ಚೀಟಿಯಲ್ಲೇ ಮುಗ್ಗರಿಸಿದೆ. ಅವಸರದಲ್ಲಿ ಫೋನಿನಲ್ಲಿ ನೋಡಿ ‘ಹೊಂದಾಣಿಕೆಯ ಚಾಕು’ ಅಂತ ಬರೆದು, ಪ್ರಿಂಟ್ ಹಾಕಿಸಿ, ಅಂಟಿಸಿಯೂ ಆಯಿತು. ಅಕ್ಕ ಕಾಫಿ ತಂದವಳು ಓದಿ, ಲೋಟ ಕೆಳಗಿಟ್ಟು ನಕ್ಕಳು. ‘ಹೊಂದಾಣಿಕೆ ಮಾಡ್ಕೊಂಡು ಬಾಳೋ ಚಾಕೂನಾ? ಹಂಗಾದ್ರೆ ಅಡುಗೆಮನೆಗೆ ಕೊಡು, ಇಲ್ಲೊಂದು ಬೇಕಾಗಿತ್ತು.’ ಚೀಟಿ ಕಿತ್ತೆ. ಅಂಟು ಇನ್ನೂ ಗಾಜಿನ ಮೇಲಿದೆ.

ಸರಿ, ‘ಜೋಡಿ’ ಅನ್ನೋಣವೇ? ಇಲ್ಲೇ ತೊಡಕು. ಕನ್ನಡದಲ್ಲಿ ಜೋಡಿ ಅಂದರೆ ಒಂದೇ ಜಾತಿಯ ಎರಡು. ಜೋಡೆತ್ತು ಅಂದರೆ ಎರಡೂ ಎತ್ತೇ. ಜೋಡು ನಳಿಗೆ ಕೋವಿ ಅಂದರೆ ಎರಡೂ ನಳಿಗೆಯೇ. ಉತ್ತರ ಕರ್ನಾಟಕದ ಕಡೆ ಜೋಡು ಅಂದರೆ ಕಾಲಿಗೆ ಹಾಕುವ ಚಪ್ಪಲಿ, ಹಳೇ ಕಾವ್ಯಗಳಲ್ಲಿ ಯುದ್ಧಕ್ಕೆ ಹೊರಟವರು ತೊಡುವ ಕವಚಕ್ಕೂ ಜೋಡು ಅನ್ನುತ್ತಾರೆ. ‘ಜೋಡಿ ಪಿಸ್ತೂಲು’ ಅಂತ ಬರೆದರೆ ಓದುವವರು ಎರಡು ಪಿಸ್ತೂಲು ಹುಡುಕುತ್ತಾರೆ, ಅಲ್ವಾ? ಕತ್ತಿಯನ್ನು ಪಿಸ್ತೂಲಿನ ಜೋಡಿ ಅಂದರೆ ಎತ್ತಿನ ಪಕ್ಕ ಕೋಣ ಹೂಡಿದ ಹಾಗೆ.

ಜೋಡಿ ಅನ್ನುವುದಕ್ಕೆ ನಿಜವಾಗಿ ಸಲ್ಲುವ ಪಿಸ್ತೂಲುಗಳು ನಮ್ಮಲ್ಲೇ ತಯಾರಾಗಿವೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಕಲ್ಲಿನ ಕಿಡಿಯ ಪಿಸ್ತೂಲುಗಳಲ್ಲಿ ಕೆಲವು ಕನ್ನಡಿಯಲ್ಲಿ ಕಂಡ ಹಾಗೆ ಎದುರುಬದುರಾಗಿವೆ. ಒಂದಕ್ಕೆ ಕಿಡಿ ಹೊಡೆಯುವ ಯಂತ್ರ ಬಲಗಡೆ, ಅದರ ಸಂಗಾತಿಗೆ ಎಡಗಡೆ. ಗೋಡೆಗೆ ತೂಗುಹಾಕಿದರೆ ಒಂದನ್ನೊಂದು ನೋಡುವಂತೆ. ಇದಕ್ಕೆ ಪದ ಹುಡುಕುತ್ತಾ ಕೂತಾಗ ನನಗೆ ಹೊಳೆದದ್ದು ನಮ್ಮೂರ ರೈತರ ಮಾತು: ಎಡಗೋಲು, ಬಲಗೋಲು. ನೊಗದ ಎಡಕ್ಕೆ ಹೂಡುವ ಎತ್ತು ಎಡಗೋಲಿನದು, ಬಲಕ್ಕೆ ಹೂಡುವುದು ಬಲಗೋಲಿನದು. ‘ಎಡಗೋಲು ಪಿಸ್ತೂಲು, ಬಲಗೋಲು ಪಿಸ್ತೂಲು.’ ನನಗಂತೂ ಇದು ಬಹಳ ಇಷ್ಟವಾಯಿತು. ನಿಮಗೆ ನಗು ಬಂದರೆ ಬರಲಿ.

ಆ ಯಂತ್ರದ ಮಾತು ಬಂದಾಗ ಇನ್ನೊಂದು. ಕಲ್ಲನ್ನು ಕಚ್ಚಿ ಹಿಡಿದು ಮುಂದಕ್ಕೆ ಬಡಿಯುವ ಭಾಗಕ್ಕೆ ಇಂಗ್ಲಿಷರು ಹುಂಜ ಅಂದರು, ನಾವು ಕುದುರೆ ಅಂದೆವು. ಟಿಪ್ಪುವಿನ ಕೆಲವು ಬಂದೂಕುಗಳಲ್ಲಿ ಅದನ್ನು ಹುಲಿಯ ಆಕಾರದಲ್ಲೇ ಮಾಡಿದ್ದಾರೆ. ಅಲ್ಲಿಗೆ ಹುಲಿಯೇ ಕುದುರೆ! ಈಗ ಬೆರಳಿನಿಂದ ಎಳೆಯುವ ಕೊಕ್ಕೆಗೂ ಕುದುರೆ ಅನ್ನುವವರಿದ್ದಾರೆ. ಮೇಲಿನದು ಕುದುರೆ, ಕೆಳಗಿನದು ಕೊಕ್ಕೆ ಅಂತ ಚೀಟಿಯಲ್ಲಿ ಬರೆದಿದ್ದೇನೆ. ನಿಮ್ಮ ಕಡೆ ಕೆಳಗಿನದಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಮತ್ತೆ ಕತ್ತಿಗೆ ಬರುತ್ತೇನೆ. ಕತ್ತಿ ಮಾಡಿದ ಕಮ್ಮಾರರು ವಯಸ್ಸಾದವರು, ಮಾತು ಕಡಿಮೆ. ಪಿಸ್ತೂಲಿನ ಹಿಡಿಯನ್ನು ರಟ್ಟಿನ ಮೇಲೆ ಗೀಚಿಕೊಂಡು ಹೋಗಿದ್ದೆವು, ಜೊತೆಗೆ ಫೋಟೋ. ನಾನು ಸುಮ್ನೆ ‘ಕಾವು ಯಾವ ಮರದ್ದು ಹಾಕ್ತೀರಿ’ ಅಂತ ಕೇಳಿದೆ. ಅವರು ತಲೆ ಎತ್ತಿದರು. ‘ಕತ್ತಿಗೆ ಕಾವು ಎಲ್ಲಿಂದ ಬಂತು ಸ್ವಾಮಿ? ಕೊಡಲಿಗೆ ಕಾವು, ಗುದ್ದಲಿಗೆ ಕಾವು. ಕಬ್ಬಿಣದ ತೂತಿನೊಳಗೆ ಮರ ಹೋದ್ರೆ ಕಾವು. ಮರದ ತೂತಿನೊಳಗೆ ಕಬ್ಬಿಣ ಹೋದ್ರೆ ಹಿಡಿ.’

ಐವತ್ತು ವರ್ಷ ಕನ್ನಡ ಮಾತಾಡಿಕೊಂಡು ಬಂದಿದ್ದೇನೆ, ಈ ವ್ಯತ್ಯಾಸ ಹೊಳೆದಿರಲಿಲ್ಲ. ಯೋಚಿಸಿ ನೋಡಿ: ಕೊಡಲಿ ಕಾವು, ಗುದ್ದಲಿ ಕಾವು ಅನ್ನುತ್ತೇವೆ. ‘ಕೊಡಲಿ ಕಾವು ಕುಲಕ್ಕೆ ಸಾವು’ ಗಾದೆಯಲ್ಲೂ ಕಾವೇ. ಆದರೆ ಕುಡುಗೋಲಿನ ಹಿಡಿ, ಚೂರಿ ಹಿಡಿ, ಉಳಿಯ ಹಿಡಿ. ನಿಘಂಟಿನಲ್ಲಿ ಎರಡಕ್ಕೂ ಹಿಡಿಕೆ ಅಂತ ಒಂದೇ ಅರ್ಥ ಬರೆದು ಮುಗಿಸುತ್ತಾರೆ. ಕಮ್ಮಾರರ ಲೆಕ್ಕ ನಿಮ್ಮ ಊರಿನಲ್ಲೂ ನಡೆಯುತ್ತದಾ? ಕಾವು ಅಂತ ಕರೆಯುವ ಚಾಕು ಅಥವಾ ಹಿಡಿ ಅಂತ ಕರೆಯುವ ಕೊಡಲಿ ಎಲ್ಲಾದರೂ ಇದ್ದರೆ ಹೇಳಿ. ನಿಯಮ ಮುರಿಯುವ ಉದಾಹರಣೆ ಸಿಕ್ಕರೆ ಇನ್ನೂ ಸಂತೋಷ.

ಪಿಸ್ತೂಲಿನದು? ಅಲ್ಲಿ ಕಬ್ಬಿಣವೇ ಮರದೊಳಗೆ ಕೂತಿದೆ. ಹಾಗಾಗಿ ಹಿಡಿ.

ಕಣ್ಣೆದುರೇ ಹಿಡಿ ಕೂರಿಸಿದರು. ಅಲಗಿನ ಹಿಂದೆ ಇಲಿ ಬಾಲದ ಹಾಗೆ ಸಣ್ಣಗಾಗುತ್ತಾ ಹೋಗುವ ಕಬ್ಬಿಣ ಇರುತ್ತದಲ್ಲ, ಅದನ್ನು ಬಿಸಿ ಮಾಡಿದರು. ಬೀಟೆ ಮರದ ಹಿಡಿಯ ತೂತಿಗೆ ಪುಡಿ ಮಾಡಿದ ಅರಗು ತುಂಬಿದರು. ಬಿಸಿ ಬಾಲ ಒಳಗಿಳಿಯುತ್ತಿದ್ದಂತೆ ಅರಗು ಕರಗಿ, ಹೊಗೆಯಾಡಿ, ತೂತಿನ ಬಾಯಿಯಲ್ಲಿ ಗುಳ್ಳೆ ಬಂತು. ಅಂಚಿಗೆ ಬಂದ ಅರಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಲಗನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು, ನೆಟ್ಟಗಿದೆಯೋ ಇಲ್ಲವೋ ಅಂತ. ಆಮೇಲೆ ಅಲುಗಾಡಿಸದೆ ಗೋಡೆಗೆ ಒರಗಿಸಿಟ್ಟರು. ಆ ಬಾಲಕ್ಕೆ ಅವರು ಯಾವ ಹೆಸರೂ ಹೇಳಲಿಲ್ಲ, ‘ಇದು’ ಅಂದರು ಅಷ್ಟೇ. ಚೀಟಿಗೆ ನಾನು ‘ಅಲಗಿನ ಬಾಲ’ ಅಂತ ಬರೆಯಬೇಕೆಂದಿದ್ದೇನೆ.

ಪಿಸ್ತೂಲಿನ ಹಿಡಿಯ ಮೇಲೆ ಕೈ ಜಾರದಿರಲೆಂದು ಅಡ್ಡಡ್ಡ ಗೀರಿ ಮಾಡಿದ ಸಣ್ಣ ಸಣ್ಣ ಮೊನೆಗಳಿವೆ. ಫೋಟೋ ನೋಡಿ ಕಮ್ಮಾರರು ಕೇಳಿದ್ದು ಒಂದೇ ಮಾತು: ‘ಹಲಸಿನ ಸಿಪ್ಪೆ ಥರ ಮಾಡ್ಬೇಕಾ?’ ಇದಕ್ಕಿಂತ ಒಳ್ಳೆ ಪದ ಯಾರಾದರೂ ಕೊಟ್ಟರೆ ಕೊಡಲಿ, ನಾನಂತೂ ‘ಹಲಸಿನ ಸಿಪ್ಪೆ ಕೆತ್ತನೆ’ ಅಂತಲೇ ಬರೆಸುತ್ತೇನೆ.

ಭಾವನವರಿಗೆ ಮೊದಲು ದಂತದ ಹಿಡಿಯ ಆಸೆಯಿತ್ತು. 1972ರ ವನ್ಯಜೀವಿ ಕಾಯಿದೆ ಗೊತ್ತಿದ್ದ ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು. ಅಂದ ಹಾಗೆ ಹಿಡಿ ಅಂದರೆ ಹೆಣ್ಣಾನೆಯೂ ಹೌದು. ನಮ್ಮ ಹೆಣ್ಣಾನೆಗೆ ಹೊರಗೆ ಕಾಣುವ ಕೊಂಬಿಲ್ಲ. ಹಾಗಾಗಿ ‘ದಂತದ ಹಿಡಿ’ ಅನ್ನುವುದು ಕಾಡಿನಲ್ಲಿ ಸಿಗುವುದಿಲ್ಲ, ಬೀರುವಿನಲ್ಲಿ ಮಾತ್ರ.

ಪಕ್ಕದ ತೋಟದವರು ಕೊಡವರು. ಅವರ ಮನೆಯ ಪೀಚೆಕತ್ತಿಯನ್ನು ಈ ನೆಪದಲ್ಲಿ ಕೈಯಲ್ಲಿ ಹಿಡಿದು ನೋಡಿದೆ. ಅಲಗು ಗಿಡ್ಡ, ಅಗಲ. ಹಿಡಿಯ ತುದಿಯಲ್ಲಿ ಬೆಳ್ಳಿಯ ಗಿಳಿ ಮೂತಿ. ಮರದ ಒರೆಗೆ ಬೆಳ್ಳಿ ಪಟ್ಟಿ, ಅದರಿಂದ ಇಳಿಬಿದ್ದ ಸರಪಣಿ, ಸರಪಣಿಯ ತುದಿಯಲ್ಲಿ ಪುಟ್ಟ ಚಿಮಟ, ಕಿವಿಯ ಕುಗ್ಗೆ ತೆಗೆಯುವ ಕಡ್ಡಿ, ಉಗುರು ಶುಚಿ ಮಾಡುವ ಕಡ್ಡಿ. ಆಯುಧದ ಜೊತೆ ಕಿವಿ ಕಡ್ಡಿ ಇಟ್ಟುಕೊಂಡ ಜನ ನನಗೆ ಬಹಳ ಹಿಡಿಸಿದರು. ಪೂರ್ತಿ ಉಡುಪಿನಲ್ಲಿ ಪೀಚೆಕತ್ತಿ ಸೊಂಟಕ್ಕೆ ಸುತ್ತುವ ಚೇಲೆ ಬಟ್ಟೆಯಲ್ಲಿ ಮುಂದೆ ಇರುತ್ತದೆ, ಒಡಿಕತ್ತಿ ಅನ್ನುವ ಅಗಲ ಅಲಗಿನ ಬಾಗಿದ ದೊಡ್ಡ ಕತ್ತಿ ಬೆನ್ನ ಹಿಂದೆ, ತೊಡಂಗು ಅನ್ನುವ ಲೋಹದ ಕೊಂಡಿಯಲ್ಲಿ. ಎರಡೂ ಒಟ್ಟಿಗೇ ತೊಡುವಂಥವು, ಬೇರೆ ಬೇರೆ ಬಗೆಯವು. ನನಗೆ ಬೇಕಾದದ್ದೂ ಅದೇ! ಎರಡಕ್ಕೂ ಸೇರಿ ಏನಂತೀರಿ ಅಂತ ಆಸೆಯಿಂದ ಕೇಳಿದೆ. ‘ಪೀಚೆಕತ್ತಿ ಒಡಿಕತ್ತಿ ಅಂತೀವಿ. ಸೇರಿಸಿ ಇನ್ನೊಂದು ಹೆಸರು ಯಾಕೆ?’ ಅಂದರು. ಬಾಗಿಲು ಅಲ್ಲಿಗೆ ಮುಚ್ಚಿತು. ಆದರೆ ಬೇರೆ ಎರಡು ಪದ ಸಿಕ್ಕವು. ವಂಶದಿಂದ ಬಂದ ಹಕ್ಕಿನ ಕೋವಿಗೆ ‘ಜಮ್ಮಾ ಕೋವಿ’ ಅನ್ನುತ್ತಾರೆ, ಜಮ್ಮ ಅಂದರೆ ನಮ್ಮ ಜನ್ಮವೇ. ಕೈಲ್ ಪೊಳ್ದ್ ಅನ್ನುವ ಅವರ ಆಯುಧ ಪೂಜೆಯ ಹಬ್ಬದಲ್ಲಿ ಕೋವಿಯ ಬಾಯಿಗೆ ಸಿಕ್ಕಿಸುವ ಕೆಂಪು ಹಳದಿ ಹೂವಿಗೆ ‘ತೋಕ್ ಪೂ’, ಅಂದರೆ ಕೋವಿ ಹೂ. ಬಯಲುಸೀಮೆಯವರಿಗೆ ಅದು ಅಗ್ನಿಶಿಖೆ.

ಅವರ ಉತ್ತರ ಆಮೇಲೆ ಇನ್ನೊಂದು ಯೋಚನೆ ಹುಟ್ಟಿಸಿತು. ಕನ್ನಡ ಇಂಥ ಕಡೆ ಗುಣವಾಚಕ ಹುಡುಕುವುದಿಲ್ಲ, ಎರಡು ಹೆಸರನ್ನೂ ಕಟ್ಟಿಬಿಡುತ್ತದೆ. ಬಿಲ್ಲುಬಾಣ, ಕತ್ತಿಗುರಾಣಿ, ಒರಳು ಒನಕೆ. ಹಾಗಾದರೆ ‘ಪಿಸ್ತೂಲುಕತ್ತಿ’? ಭಾವ ತಕ್ಷಣ ಬೇಡ ಅಂದರು. ನಳಿಗೆಗೇ ಅಲಗು ಸೇರಿಸಿದ ಒಂದೇ ಆಯುಧ ಯುರೋಪಿನಲ್ಲಿ ಮಾಡುತ್ತಿದ್ದರು, ನೋಡಿದವರು ಅದೇ ಇದು ಅಂದುಕೊಳ್ಳುತ್ತಾರೆ ಅಂತ. ಅವರ ಮಾತು ಸರಿ.

ಹಾಗೆ ನೋಡಿದರೆ ಪಿಸ್ತೂಲು ಅನ್ನುವ ಪದದಲ್ಲೇ ಕತ್ತಿ ಅಡಗಿರಬಹುದು. ಪದದ ಮೂಲಕ್ಕೆ ಎರಡು ಕಥೆಗಳಿವೆ. ಒಂದು, 15ನೇ ಶತಮಾನದ ಚೆಕ್ ಹೋರಾಟಗಾರರ ಕೈಬಂದೂಕಿಗೆ ಇದ್ದ ಪೀಶ್ಟ್ಯಲ ಎಂಬ ಹೆಸರು, ಅಂದರೆ ಊದುವ ಕೊಳವೆ, ಪೀಪಿ. ನಮ್ಮ ಕೋವಿಗೂ ಕೊಳವೆ ಅನ್ನುವ ಅರ್ಥವೇ ಇದೆ, ನೋಡಿ. ಭಾಷಾ ಪಂಡಿತರು ಜಾಸ್ತಿ ಒಪ್ಪುವುದು ಇದನ್ನು. ಇನ್ನೊಂದು, 16ನೇ ಶತಮಾನದ ಫ್ರೆಂಚ್ ಪಂಡಿತ ಆನ್ರಿ ಎಸ್ತಿಯೆನ್ ಹೇಳಿದ್ದು. ಇಟಲಿಯ ಪಿಸ್ತೋಯಾ ಊರಲ್ಲಿ ಸಣ್ಣ ಬಾಕುಗಳನ್ನು ಮಾಡುತ್ತಿದ್ದರಂತೆ, ಊರಿನ ಹೆಸರು ಬಾಕುವಿಗೆ ಬಂತು, ಬಾಕುವಿನ ಹೆಸರು ಆಮೇಲೆ ಗಿಡ್ಡ ಬಂದೂಕಿಗೆ ಹೋಯಿತು. ಎರಡನೆಯದು ಸುಳ್ಳೇ ಇರಬಹುದು, ಭಾವನವರಿಗೆ ಮಾತ್ರ ಅದೇ ಬೇಕು. ಅದನ್ನೂ ಚೀಟಿಯಲ್ಲಿ ಹಾಕು ಅಂತ ಹಟ ಹಿಡಿದಿದ್ದಾರೆ.

ಇಂಥ ಹಳೇ ಪಿಸ್ತೂಲಿಗೆ ಇಂಗ್ಲಿಷಿನಲ್ಲಿ ‘ವಿಂಟೇಜ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಬರೆಯುವುದು ಅಂತ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಆ ಪದದ ಹುಟ್ಟು ದ್ರಾಕ್ಷಿ ಕೊಯ್ಲಿನಲ್ಲಿ, ನಮಗೆ ಅದರ ಗೋಜು ಬೇಡ. ‘ಪುರಾತನ’ ಅಂದರೆ ಶಾಸನ, ದೇವಸ್ಥಾನ ನೆನಪಾಗುತ್ತವೆ. ‘ತಾತನ ಕಾಲದ’ ಸಾಕು, ನಿಜವೂ ಹೌದು.

ಈಗ ಉಳಿದದ್ದು ಮೊದಲಿನ ತೊಡಕೇ. ಇದುವರೆಗೆ ಬಂದ ಸಲಹೆಗಳು: ಅಕ್ಕನದು ‘ಮ್ಯಾಚಿಂಗ್’. ಸೀರೆಗೆ ಮ್ಯಾಚಿಂಗ್ ರವಿಕೆ ಅಂತ ಹಳ್ಳಿಯಲ್ಲೂ ಕೇಳುತ್ತಾರೆ, ಪಿಸ್ತೂಲಿಗೆ ಯಾಕಾಗಬಾರದು ಅಂತ ಅವಳ ವಾದ. ಭಾವನದು ‘ಸೆಟ್ಟು’, ಓಲೆ ಸರದ ಸೆಟ್ಟಿನ ಹಾಗೆ. ನನ್ನದು ‘ಒಪ್ಪುಗತ್ತಿ’. ಒಪ್ಪುವ ಕತ್ತಿ ಅನ್ನುವ ಅರ್ಥ ಬರಲಿ ಅಂತ ಕಟ್ಟಿದೆ, ಆದರೆ ಒಪ್ಪುಗೆ ಕೊಟ್ಟ ಕತ್ತಿ ಅಂತ ಕೇಳಿಸುತ್ತಿದೆ, ನನಗೇ ಸಮಾಧಾನವಿಲ್ಲ. ಅಕ್ಕಸಾಲಿಗರು, ಬಡಗಿಗಳು, ನೇಕಾರರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೋಲಿಕೆಯಲ್ಲಿ ಮಾಡಿದಾಗ ಏನಂತಾರೆ? ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆಯುತ್ತೀರಾ?

ಸದ್ಯಕ್ಕೆ ಆ ಅಂಟಿನ ಕಲೆಯ ಮೇಲೆ ಒಂದು ತುಂಡು ಕಾಗದ ಇಟ್ಟಿದ್ದೇವೆ. ಭಾವನವರೇ ಪೆನ್ಸಿಲಿನಲ್ಲಿ ಬರೆದಿದ್ದಾರೆ: ‘ಇದು ಅದರ ಜೊತೆಯದು.’