ಮಾವನ ಕೋವಿಗೆ ಪಾಲಿಶ್

ಚಂದ್ರುಗೆ ಹೊಸ ಹುಚ್ಚು ಹತ್ತಿದೆ. ಹೋದ ವರ್ಷ ಹಳೇ ಜಾವಾ ಬೈಕ್ ಬಿಚ್ಚಿ ಜೋಡಿಸಿದ್ದ. ಜೋಡಿಸಿದ ಮೇಲೂ ಒಂದು ಡಬ್ಬಿ ನಟ್ಟು ಬೋಲ್ಟು ಮಿಕ್ಕಿತ್ತು. ಈ ಸಲ ಮಾವನ ರೈಫಲ್ ಮೇಲೆ ಕಣ್ಣು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ವಿಷಯ ತೆಗೆದ.

"ಯೂಟ್ಯೂಬಲ್ಲಿ ಒಬ್ಬ ಅಮೆರಿಕದವನು ಯುದ್ಧ ಕಾಲದ ತುಕ್ಕು ರೈಫಲ್ ತಗೊಂಡು ಅರ್ಧ ಗಂಟೇಲಿ ಫಳಫಳ ಅನ್ನಿಸಿಬಿಟ್ಟ, ಗುರು!"

"ಅರ್ಧ ಗಂಟೆ ಆಗಿದ್ದು ವಿಡಿಯೋ ಕಣಯ್ಯ, ಕೆಲಸ ಅಲ್ಲ" ಎಂದರು ಮೇಷ್ಟ್ರು. ಅವರು ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ಕೇಳುವವರು ಸಿಕ್ಕರೆ ಇಡ್ಲಿ ಆರಿದರೂ ಬಿಡುವುದಿಲ್ಲ. "ಅಲ್ಲಿ ಸೈನ್ಯ ಬೇಡ ಅಂತ ಬಿಟ್ಟ ಕೋವಿಗಳನ್ನು ರಾಶಿ ರಾಶಿ ಮಾರಿದರು. 1968ರ ಕಾನೂನು ಬರುವವರೆಗೂ ಅಂಚೆಯಲ್ಲೇ ಮನೆಗೆ ತರಿಸಿಕೊಳ್ಳಬಹುದಿತ್ತು."

"ಹಂಗಾದ್ರೆ ಆ ಕಾಲದಲ್ಲಿ ಪೋಸ್ಟ್‌ಮ್ಯಾನ್ ಕಂಡರೆ ನಾಯಿಗಳು ಬೊಗಳುತ್ತಲೇ ಇರಲಿಲ್ಲ ಅನ್ನಿ" ಎಂದ ಮೆಕ್ಯಾನಿಕ್ ಬಸವರಾಜು.

"ನಮ್ಮ ಮಾವನದು ತ್ರೀ ನಾಟ್ ತ್ರೀ" ಎಂದ ಚಂದ್ರು, ಎದೆ ಉಬ್ಬಿಸಿ.

"ಇರಲಾರದು" ಎಂದರು ಮೇಷ್ಟ್ರು. "ಅದು ಸೈನ್ಯ, ಪೊಲೀಸರ ಗುಂಡಿನ ಅಳತೆ. ಸಾಮಾನ್ಯ ಲೈಸೆನ್ಸಿಗೆ ಕೊಡಲ್ಲ. ನಿಮ್ಮ ಮಾವನದು .315 ಇರಬೇಕು. ಸೈನ್ಯದ ಗುಂಡು ಜನರ ಕೋವಿಗೆ ಹೊಂದಬಾರದು ಅಂತಲೇ ಬ್ರಿಟಿಷರ ಕಾಲದಲ್ಲಿ ಬೇರೆ ಅಳತೆ ಮಾಡಿದರು. ಮೈಕಟ್ಟೆಲ್ಲ ಸೈನ್ಯದ ಕೋವಿ ಲೀ ಎನ್‌ಫೀಲ್ಡ್‌ದೇ. ಅಣ್ಣ ತಮ್ಮ ಇದ್ದ ಹಾಗೆ, ಮುಖ ಒಂದೇ, ಚಪ್ಪಲಿ ಮಾತ್ರ ಒಬ್ಬರದು ಇನ್ನೊಬ್ಬರಿಗೆ ಆಗಲ್ಲ." ಅಲ್ಲಿಂದ ಲೀ ಎನ್‌ಫೀಲ್ಡಿನ 1907ರ ಮಾದರಿ ಮಾರ್ಕ್ 3, ಅದನ್ನು ಮಾಡಿದ ಕೋಲ್ಕತ್ತ ಹತ್ತಿರದ ಇಶಾಪುರದ ಕಾರ್ಖಾನೆ, 1962ರ ಚೀನಾ ಯುದ್ಧ ಆದಮೇಲೆ ಅದೇ ಕೋವಿಯನ್ನು 7.62 ಮಿ.ಮೀ. ಗುಂಡಿಗೆ ಬದಲಾಯಿಸಿದ್ದು, ಎಲ್ಲ ಒಂದೇ ಉಸಿರಿಗೆ ಬಂತು. ಸಾಂಬಾರಿನ ಬಕೆಟ್ ಹಿಡಿದ ಹುಡುಗನೂ ನಿಂತು ಕೇಳಿದ.

"ಅದೆಲ್ಲ ಇರಲಿ. ಬಫಿಂಗ್ ಮಾಡಿಸಿ ಕ್ರೋಮ್ ಹೊಡೆಸೋಣ. ಬುಲೆಟ್ ಬೈಕಿನ ಸೈಲೆನ್ಸರ್ ತರಾ ಮಿಂಚಬೇಕು" ಎಂದ ಬಸವರಾಜು.

ಬಡಗಿ ನಂಜುಂಡಣ್ಣ ಚಟ್ನಿ ಬಿಟ್ಟು ತಲೆ ಎತ್ತಿದ. "ಮಿಂಚಿದರೆ ಕೆಟ್ಟಿತು ಅಂತ ಲೆಕ್ಕ. ಕೋವಿಯ ಮರಕ್ಕೆ ಉಪ್ಪು ಕಾಗದ ಮುಟ್ಟಿಸಲೇಬೇಡ. ಕಾರ್ಖಾನೆ ಮುದ್ರೆ, ತಪಾಸಣೆ ಗುರುತು ಎಲ್ಲಾ ಅದರ ಮೇಲೇ ಇರುತ್ತೆ. ಉಜ್ಜಿದರೆ ಬರೀ ದೊಣ್ಣೆ ಉಳಿಯುತ್ತೆ."

"ಮತ್ತೆ ಅಲ್ಲಲ್ಲಿ ಗುಳಿ ಬಿದ್ದಿದೆಯಲ್ಲ?"

ನಂಜುಂಡಣ್ಣ ಕೈ ತೊಳೆದುಕೊಂಡೇ ಬಂದ. ತನ್ನ ಟವೆಲ್ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ಟೇಬಲ್ಲಿನ ಅಂಚಿಗೆ ಹಾಕಿ, ಬಿಸಿ ಕಾಫಿ ಲೋಟವನ್ನೇ ಇಸ್ತ್ರಿ ಪೆಟ್ಟಿಗೆ ಮಾಡಿಕೊಂಡು ಅದರ ಮೇಲೆ ಒತ್ತಿ ತೋರಿಸಿದ. "ಹಿಂಗೆ. ಒದ್ದೆ ಬಟ್ಟೆ, ಮೇಲೆ ಬಿಸಿ ಇಸ್ತ್ರಿ. ಹಬೆ ಒಳಗೆ ಹೋಗಿ, ಅಮುಕಿಕೊಂಡಿದ್ದ ಮರದ ನಾರು ತಾನೇ ಎದ್ದು ಬರುತ್ತೆ. ಕಿತ್ತುಹೋದ ಕಡೆ ಆಗಲ್ಲ, ಬರೀ ಅಮುಕಿದ್ದರೆ ಆಗುತ್ತೆ. ಒಣಗಿದ ಮೇಲೆ ಅಗಸೆ ಎಣ್ಣೆ, ಅಂಗೈಯಲ್ಲೇ ತಿಕ್ಕಬೇಕು. ಇವತ್ತಿಷ್ಟು, ನಾಳೆ ಇಷ್ಟು."

"ಎಣ್ಣೆ ಒರೆಸಿದ ಬಟ್ಟೆ ಮೂಲೆಗೆ ಎಸೆದರಾಯಿತು."

"ಮುದ್ದೆ ಮಾಡಿ ಎಸೆದೆಯೋ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಮನೆ ಸುಟ್ಟರೆ ನಿಮ್ಮ ಮಾವ ಕೋವಿ ಎಲ್ಲಿ ಅಂತ ಕೇಳಲ್ಲ, ಮಗಳು ಎಲ್ಲಿ ಅಂತ ಕೇಳುತ್ತಾರೆ."

ನಳಿಗೆಯ ಮಾತು ಬಂದಾಗ ಬಸವರಾಜು ಪೆಟ್ರೋಲ್ ಹಾಕಿ ತೊಳೆಯೋಣ ಎಂದ. ಮೇಷ್ಟ್ರು ತಡೆದರು. ಹಳೇ ತೋಟಾ ಸುಟ್ಟರೆ ಒಳಗೆ ಒಂದು ತರಾ ಉಪ್ಪು ಕೂರುತ್ತಿತ್ತಂತೆ. ಅದು ಎಣ್ಣೆಗೂ ಬಗ್ಗಲ್ಲ, ಪೆಟ್ರೋಲಿಗೂ ಬಗ್ಗಲ್ಲ, ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಅದಕ್ಕೇ ಸಿಪಾಯಿಗಳು ಕೊಳವೆ ಇಟ್ಟು ಕುದಿಯೋ ನೀರು ಸುರಿಯುತ್ತಿದ್ದರು, ಒಣಗಿಸಿ ಆಮೇಲೆ ಎಣ್ಣೆ.

"ತೋಟಾ ತಳ್ಳಿ ಹಿಂದಿನಿಂದ ಮುಚ್ಚುತ್ತಲ್ಲ, ಆ ಬೋಲ್ಟ್ ಸವೆದಿದ್ದರೆ ಗುಜರಿಯಲ್ಲಿ ಇನ್ನೊಂದು ನೋಡೋಣ" ಎಂದ ಬಸವರಾಜು. ಅವನಿಗೆ ಜಗತ್ತಿನಲ್ಲಿ ಗುಜರಿಯಲ್ಲಿ ಸಿಗದ ವಸ್ತುವೇ ಇಲ್ಲ.

"ಲೋ, ಬೋಲ್ಟ್ ಮೇಲೂ ಮೈ ಮೇಲೂ ಒಂದೇ ನಂಬರ್ ಕೊರೆದಿರುತ್ತಾರೆ, ಸುಮ್ನೆ ಅಲ್ಲ" ಎಂದರು ಮೇಷ್ಟ್ರು. " ಬೇರೆ ಬೋಲ್ಟ್ ಹಾಕಿ ಹಿಂದುಗಡೆ ಸಂದು ಜಾಸ್ತಿ ಆದರೆ ತೋಟಾ ಸೀಳಿ ಬಿಸಿ ಗ್ಯಾಸ್ ಹೊಡೆದವನ ಮುಖಕ್ಕೇ ಬರುತ್ತೆ. ಇನ್ನೊಂದು ಕೇಳು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು. ಕಬ್ಬಿಣದ ಕೆಲಸ ಲೈಸೆನ್ಸ್ ಇರೋ ಅಂಗಡಿಯವನದು. ಅಲ್ಲದೆ ಲೈಸೆನ್ಸ್ ಇರೋದು ಮಾವನ ಹೆಸರಲ್ಲಿ, ಅಳಿಯನ ಹೆಸರಲ್ಲಿ ಅಲ್ಲ."

ಚಂದ್ರುವಿನ ಪಾಲಿಗೆ ಉಳಿದದ್ದು ಇಸ್ತ್ರಿ ಮತ್ತು ಎಣ್ಣೆ, ಅದೂ ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ. ಅಷ್ಟಾದರೂ ಆಗಲಿ ಅಂತ ಅಲ್ಲೇ ಫೋನ್ ಹಚ್ಚಿದ, ಸ್ಪೀಕರ್ ಹಾಕಿ.

"ಮಾವ, ರೈಫಲ್ ಮರ ಗುಳಿ ಬಿದ್ದಿದೆಯಲ್ಲ, ಒದ್ದೆ ಬಟ್ಟೆ ಹಾಕಿ ನಾನೇ ಇಸ್ತ್ರಿ ಮಾಡಿ ಕೊಡ್ತೀನಿ. ಇವತ್ತು ಬರಲಾ?"

ಆ ಕಡೆ ನಿವೃತ್ತ ಸುಬೇದಾರರು ಗಂಟಲು ಸರಿಮಾಡಿಕೊಂಡರು. "ಕೋವಿ ಮನೇಲಿಲ್ಲ, ಅಳಿಯಂದಿರೇ. ಎಲೆಕ್ಷನ್ ಅಂತ ಸ್ಟೇಷನ್ನಿಗೆ ಕೊಟ್ಟಿದ್ದೆ. ಎಲೆಕ್ಷನ್ ಮುಗಿದು ಬಹಳ ದಿನ ಆಯಿತು. ನಿಮ್ಮ ಬೈಕು ನೋಡಿದ ಮೇಲೆ ವಾಪಸ್ ತರೋಕೆ ಮನಸ್ಸಾಗಲಿಲ್ಲ."

ಇಡೀ ಟೇಬಲ್ ಚಂದ್ರುವಿನ ಮುಖ ನೋಡಿತು. ಫೋನ್ ಕಟ್ ಮಾಡುವಷ್ಟರಲ್ಲಿ ಮಾವನ ದನಿ ಮತ್ತೆ ಬಂತು.

"ಇಸ್ತ್ರಿ ಚೆನ್ನಾಗಿ ಬರುತ್ತೆ ಅಂದರಲ್ಲ, ಬನ್ನಿ. ನನ್ನ ಪಂಚೆಗಳು ಹಾಗೇ ಬಿದ್ದಿವೆ."