ಏಪ್ಟೇಸಿಯಾ ತಿನ್ನಿಸಲು ಬರ್ಗಿಯಾ ಬಿಡುವುದೋ, ಪೆಪ್ಪರ್‌ಮಿಂಟ್ ಸಿಗಡಿಯೋ? (ಕಾರವಾರ, 200 ಲೀಟರ್ ರೀಫ್ ಟ್ಯಾಂಕ್)

ಕಾಳಿ_ಅಳಿವೆ:
200 ಲೀಟರ್ ರೀಫ್ (ಹವಳದ) ಟ್ಯಾಂಕ್, ಕೆಳಗೆ 50 ಲೀಟರ್ ಸಂಪ್ (ಫಿಲ್ಟರ್ ತೊಟ್ಟಿ). ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಭಾಗ), ನೀರು 27 ಡಿಗ್ರಿ. ಹವಳದಲ್ಲಿ ಜುವಾಂತಿಡ್, ಮಶ್ರೂಮ್, ಲೆದರ್ ಮಾತ್ರ. ಮೀನು ಎರಡು ಕ್ಲೌನ್, ಒಂದು ಸಿಕ್ಸ್‌ಲೈನ್ ರಾಸ್. ಕಲ್ಲಿನ ಮೇಲೆ ಏಪ್ಟೇಸಿಯಾ (ಕಳೆಯಂತೆ ಹಬ್ಬುವ ಸಣ್ಣ ಕಡಲ ಅನಿಮೋನ್) ನಲವತ್ತರ ಮೇಲಾಗಿವೆ, ದೊಡ್ಡವು ಒಂದೂವರೆ ಇಂಚು. ಚಿಮಟದಲ್ಲಿ ಕಿತ್ತರೆ ಅದೇ ಜಾಗದಲ್ಲಿ ಮೂರು ನಾಲ್ಕು ಮರಿ ಏಳುತ್ತವೆ. ತಿನ್ನುವ ಪ್ರಾಣಿ ಬಿಟ್ಟೇ ನಿಯಂತ್ರಿಸಬೇಕೆಂದಿದ್ದೇನೆ. ಬರ್ಗಿಯಾ (ಏಪ್ಟೇಸಿಯಾ ತಿನ್ನುವ ಚಿಪ್ಪಿಲ್ಲದ ಕಡಲ ಬಸವನಹುಳು) ಇಲ್ಲವೇ ಪೆಪ್ಪರ್‌ಮಿಂಟ್ ಸಿಗಡಿ, ಯಾವುದು, ಎಷ್ಟು? ಇಳಿತದಲ್ಲಿ ನಮ್ಮ ಬಂಡೆಗಳ ಸಂದಿಯಲ್ಲಿ ಕಾಣುವ ಚಿಪ್ಪಿಲ್ಲದ ಬಸವನಹುಳು ಆಗಬಹುದೇ?

ಬೈತಖೋಲ_ರೀಫ್:
ಮೊದಲು ಕೀಳುವುದನ್ನು ನಿಲ್ಲಿಸಿ ಮಾರಾಯ್ರೆ. ಮುಟ್ಟಿದ ಕೂಡಲೇ ಅದು ಕಲ್ಲಿನ ತೂತಿನೊಳಗೆ ಸೇರಿಕೊಳ್ತದೆ, ಕೈಗೆ ಬರುವುದು ಮೇಲಿನ ಭಾಗ ಮಾತ್ರ. ಬುಡದ ಚೂರು ಉಳಿದರೂ ಅದೊಂದು ಹೊಸ ಗಿಡದ ಹಾಗೆ ಚಿಗುರ್ತದೆ.

ರಾಸ್ ಇರುವ ಟ್ಯಾಂಕಿಗೆ ಬರ್ಗಿಯಾ ಬಿಟ್ಟರೆ ದುಡ್ಡು ನೀರಿಗೆ ಹಾಕಿದಂತೆ. ಸಿಕ್ಸ್‌ಲೈನ್ ದಿನವಿಡೀ ಕಲ್ಲಿನ ಸಂದು ಹುಡುಕಿ ಸಣ್ಣ ಹುಳು ತಿನ್ನುವ ಮೀನು. ನಿಮಗೆ ಸಿಗಡಿಯೇ ಸರಿ. ಐದು ತನ್ನಿ, ಒಂದೂವರೆ ಇಂಚಿನವು. ತೀರಾ ಮರಿಗಳಾದರೆ ರಾಸ್ ಅವನ್ನೂ ಕುಟ್ಟುತ್ತದೆ. ಖರೀದಿಸುವಾಗ ಬೆನ್ನು ನೋಡಿ: ಮೈ ಗಾಜಿನ ಹಾಗೆ ಪಾರದರ್ಶಕ, ಉದ್ದುದ್ದಕ್ಕೆ ಕೆಂಪು ಗೆರೆ, ಅದು ಪೆಪ್ಪರ್‌ಮಿಂಟ್. ಕೆಂಪಿನ ನಡುವೆ ಬಿಳಿ ಪಟ್ಟಿ, ಗೂನು ಬೆನ್ನು, ದೊಡ್ಡ ಕಣ್ಣು ಇದ್ದರೆ ಅದು ಕ್ಯಾಮಲ್ ಸಿಗಡಿ. ಅಂಗಡಿಯಲ್ಲಿ ಒಂದರ ಹೆಸರಲ್ಲಿ ಇನ್ನೊಂದು ಬರ್ತದೆ, ಕ್ಯಾಮಲ್ ಬಂದರೆ ನಿಮ್ಮ ಜುವಾಂತಿಡ್‌ಗಳನ್ನೇ ಮುಗಿಸ್ತದೆ.

ಅಂಗಡಿ ನೀರಲ್ಲಿ ಉಪ್ಪು ಹೆಚ್ಚಾಗಿ ಕಮ್ಮಿ ಇರ್ತದೆ. ನೇರ 35ಕ್ಕೆ ಬಿಟ್ಟರೆ ಸಿಗಡಿ ತಡೆದುಕೊಳ್ಳುವುದಿಲ್ಲ. ಸಿಗಡಿಯನ್ನು ಅಂಗಡಿ ನೀರಿನ ಸಮೇತ ಬಕೆಟ್ಟಿನಲ್ಲಿಡಿ; ಏರ್‌ಲೈನ್ ಪೈಪಿಗೆ ಸಡಿಲ ಗಂಟು ಹಾಕಿ ಅದಕ್ಕೆ ಟ್ಯಾಂಕಿನ ನೀರು ಬಿಡಿ, ಸೆಕೆಂಡಿಗೆ ಎರಡು ಹನಿ, ಎರಡು ತಾಸು. ಸಂಜೆ ಲೈಟ್ ಆರಿಸಿದ ಮೇಲೆ ಬಿಡಿ. ಆ ವಾರ ಮೀನಿಗೆ ಅರ್ಧ ಆಹಾರ ಸಾಕು, ಉಳಿದ ಮೈಸಿಸ್ (ಮೀನಿಗೆ ಹಾಕುವ ಸಣ್ಣ ಸಿಗಡಿಯಂಥ ಆಹಾರ) ಸಿಕ್ಕರೆ ಅವು ಏಪ್ಟೇಸಿಯಾ ಕಡೆ ತಿರುಗಿಯೂ ನೋಡುವುದಿಲ್ಲ. ರಾತ್ರಿ ಕೆಂಪು ಟಾರ್ಚ್ ಹಿಡಿದರೆ ಕಾಣ್ತದೆ: ಮುಂಗಾಲಲ್ಲಿ ಏಪ್ಟೇಸಿಯಾದ ಒಂದೊಂದೇ ಎಳೆ ಹಿಡಿದು ಬಾಯಿಗೆಳೆಯುತ್ತಿರ್ತವೆ. ಆದರೆ ಅರ್ಧ ಇಂಚಿನೊಳಗಿನವನ್ನೇ ಹೆಚ್ಚು ಮುಟ್ಟುವುದು. ದೊಡ್ಡವಕ್ಕೆ ಬೇರೆ ದಾರಿ ಬೇಕು.

ಉಪ್ಪುನೀರು_ಶಿರಸಿ:
ದೊಡ್ಡವಕ್ಕೆ ಸುಣ್ಣ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಓ ನೀರಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. (ಪರಿಮಳ, ಬಣ್ಣ ಹಾಕಿದ ಎಲೆ ಸುಣ್ಣ ಬೇಡ.) ಪಂಪ್ ಎಲ್ಲ ಬಂದ್ ಮಾಡಿ, ದಪ್ಪ ಸೂಜಿಯ ಸಿರಿಂಜಿನಿಂದ ಬಾಯಿಯ ಮೇಲೆ ಹಾಕಿ ತೂತನ್ನೂ ಮುಚ್ಚಿ. ಹದಿನೈದು ನಿಮಿಷ ಬಿಟ್ಟು ಪಂಪ್ ಶುರು ಮಾಡಿ. ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ, ಪಿಎಚ್ ಒಮ್ಮೆಗೇ ಏರ್ತದೆ. ಪಕ್ಕದ ಹವಳದ ಮೇಲೆ ಬಿದ್ದರೆ ಅದೂ ಸುಡ್ತದೆ.

ಬರ್ಗಿಯಾ ವಿಷಯದಲ್ಲಿ ಬೈತಖೋಲದವರ ಮಾತು ಸರಿ, ಆದರೆ ಪೂರ್ತಿ ಕೈಬಿಡಬೇಕಿಲ್ಲ. ಅತಿ ಕೆಟ್ಟ ಎರಡು ಕಲ್ಲನ್ನು ಹೊರಗೆ 25 ಲೀಟರ್ ಟಬ್ಬಿನಲ್ಲಿಡಿ. ಅದೇ ನೀರು, ಸ್ಪಾಂಜ್ ಫಿಲ್ಟರ್, 26 ಡಿಗ್ರಿ, ಆರು ಬರ್ಗಿಯಾ. ಏಪ್ಟೇಸಿಯಾ ಬಿಟ್ಟು ಬೇರೇನನ್ನೂ ಅವು ತಿನ್ನುವುದಿಲ್ಲ. ಎರಡು ಇದ್ದರೂ ಮೊಟ್ಟೆ ಇಡ್ತವೆ, ಯಾಕೆಂದರೆ ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಚಕ್ಕುಲಿಯಂತೆ ಸುತ್ತಿದ ಬಿಳಿ ಎಳೆ ಕಂಡರೆ ಅದೇ ಮೊಟ್ಟೆ, ಒರೆಸಬೇಡಿ. ಎರಡು ಮೂರು ತಿಂಗಳ ತಾಳ್ಮೆ ಬೇಕು. ಕಲ್ಲು ಖಾಲಿಯಾದ ಮೇಲೆ ಅವಕ್ಕೆ ಊಟವಿಲ್ಲ, ಉಪವಾಸ ಬೀಳುವ ಮೊದಲೇ ಬೇಕಾದವರಿಗೆ ಕೊಟ್ಟುಬಿಡಿ. ಸಿಗಡಿಯನ್ನು ಮಾತ್ರ ಆ ಟಬ್ಬಿಗೆ ಹಾಕಬೇಡಿ, ಬರ್ಗಿಯಾವನ್ನೇ ತಿಂದುಬಿಡ್ತದೆ.

ನೇತ್ರಾಣಿ_ಡೈವರ್:
ಬಂಡೆಯ ಬಸವನಹುಳು ಬೇಡವೇ ಬೇಡ. ಆ ಜಾತಿಗಳಲ್ಲಿ ಒಂದೊಂದಕ್ಕೂ ಒಂದೊಂದೇ ಆಹಾರ, ಹಲವಕ್ಕೆ ಸ್ಪಂಜು. ಟ್ಯಾಂಕಿನಲ್ಲಿ ಹಸಿದು ಸಾಯ್ತವೆ, ಕೆಲವು ಸಾಯುವಾಗ ನೀರಿಗೆ ವಿಷ ಬಿಡ್ತವೆ. ನೇತ್ರಾಣಿ ದ್ವೀಪದ ಕಡೆಯಿಂದ ಕಲ್ಲು ತರುವ ಯೋಚನೆಯಿದ್ದರೆ ಅದನ್ನೂ ಬಿಡಿ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸತ್ತ ತುಂಡನ್ನೂ ಎತ್ತುವಂತಿಲ್ಲ.

ಕಾಳಿ_ಅಳಿವೆ:
ಎಲ್ಲರಿಗೂ ಧನ್ಯವಾದ. ಸಂಪಿನ ಗೋಡೆಯಲ್ಲೂ ಹತ್ತು ಹನ್ನೆರಡು ಕಾಣ್ತಿವೆ. ಅವನ್ನು ಹಾಗೇ ಬಿಡಬಹುದೇ?

ಬೈತಖೋಲ_ರೀಫ್:
ಬಿಡಬೇಡಿ, ಅಲ್ಲಿಂದಲೇ ಚೂರುಗಳು ರಿಟರ್ನ್ ಪಂಪಿನಲ್ಲಿ (ನೀರನ್ನು ಮತ್ತೆ ಟ್ಯಾಂಕಿಗೆತ್ತುವ ಪಂಪ್) ಮೇಲೇರ್ತವೆ. ಐದರಲ್ಲಿ ಎರಡು ಸಿಗಡಿ ಸಂಪಿಗೇ ಹಾಕಿ, ಪಂಪಿನ ಬಾಯಿಗೆ ಒರಟು ಸ್ಪಾಂಜ್ ಕಟ್ಟಿ. ಓವರ್‌ಫ್ಲೋ ಪೆಟ್ಟಿಗೆಯೊಳಗೆ (ಟ್ಯಾಂಕಿನ ನೀರು ಸಂಪಿಗಿಳಿಯುವ ಜಾಗ) ಇರುವವಕ್ಕೆ ಸುಣ್ಣದ ಸಿರಿಂಜೇ ಗತಿ. ಇನ್ನೊಂದು: ಮಳೆಗಾಲದಲ್ಲಿ ಕಡಲ ನೀರು ತಂದು ಬದಲಿಸುವವರಾದರೆ ರಿಫ್ರಾಕ್ಟೋಮೀಟರಿನಲ್ಲಿ ಉಪ್ಪು ಅಳೆಯದೆ ಸುರಿಯಬೇಡಿ. ಕಾಳಿ ನದಿಯ ಸಿಹಿನೀರು ಸೇರಿ ಉಪ್ಪು ಇಳಿದಿರ್ತದೆ. ಏಪ್ಟೇಸಿಯಾ ಅದನ್ನು ತಡೆದುಕೊಳ್ತದೆ, ಸಿಗಡಿ ತಡೆಯುವುದಿಲ್ಲ. ಮೀನಿಗೆ ತಾಮ್ರದ ಔಷಧ ಕೊಡುವುದಿದ್ದರೆ ಬೇರೆ ಟ್ಯಾಂಕಿನಲ್ಲಿ ಕೊಡಿ, ಸಿಗಡಿ ಅದನ್ನೂ ತಡೆಯುವುದಿಲ್ಲ.