ಎಲ್ಲವೂ ‘ಕಲಬೆರಕೆ’ಯೇ? ಆಹಾರ ಕಾಯ್ದೆಯ ಕೆಲವು ಪದಗಳಿಗೆ ಕನ್ನಡ ಬೇಕಿದೆ

ಗೆಳೆಯರೇ,

ಚಟ್ನಿಪುಡಿ, ಹಪ್ಪಳ, ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಆಹಾರ ಕಾಯ್ದೆಯಲ್ಲಿ ಏನಿದೆ, ಅಧಿಕಾರಿ ಬಂದರೆ ಏನು ನೋಡುತ್ತಾರೆ, ಪ್ಯಾಕೆಟ್ ಮೇಲೆ ಏನೇನು ಬರೆಯಬೇಕು, ಇಷ್ಟೇ ವಿಷಯ. ಕಾಯ್ದೆ ಅರ್ಥವಾಗದೆ ನಿಂತಿಲ್ಲ. ಪದ ಸಿಗದೆ ನಿಂತಿದ್ದೇನೆ. ಅದರಲ್ಲೂ ‘ಕಲಬೆರಕೆ’ ಅನ್ನುವ ಒಂದು ಪದ ಎಲ್ಲಾ ಕಡೆ ಅಡ್ಡ ಬರುತ್ತಿದೆ.

ಪದ ಒಳ್ಳೆಯದೇ, ಎಲ್ಲರಿಗೂ ಗೊತ್ತು. ಖಾರದಪುಡಿಗೆ ಇಟ್ಟಿಗೆ ಪುಡಿ, ಕಾಳುಮೆಣಸಿಗೆ ಪಪ್ಪಾಯಿ ಬೀಜ, ಹಾಲಿಗೆ ನೀರು ಅಂದ ಕೂಡಲೇ ಬಾಯಿಗೆ ಬರುವ ಪದ ಅದೇ. 1954ರ ಹಳೇ ಕಾಯ್ದೆಯ ಹೆಸರಲ್ಲೇ ಅದು ಇತ್ತು: ಆಹಾರ ಕಲಬೆರಕೆ ತಡೆ ಕಾಯ್ದೆ. ಆದರೆ ಆ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು, 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಹೊಸ ಕಾಯ್ದೆ ತಪ್ಪುಗಳನ್ನು ಬೇರೆ ಬೇರೆ ಮಾಡಿ ಇಟ್ಟಿದೆ. ಅನ್‌ಸೇಫ್ (ತಿಂದರೆ ಅಪಾಯ), ಸಬ್‌ಸ್ಟ್ಯಾಂಡರ್ಡ್ (ನಿಗದಿ ಮಟ್ಟಕ್ಕಿಂತ ಕಡಿಮೆ), ಮಿಸ್‌ಬ್ರಾಂಡೆಡ್ (ಲೇಬಲ್ ಸರಿಯಿಲ್ಲ) ಅಂತ ಮೂರು. ಮೂರಕ್ಕೂ ಅರ್ಥ ಬೇರೆ, ಶಿಕ್ಷೆ ಬೇರೆ, ವಿಚಾರಣೆಯೂ ಎಲ್ಲಕ್ಕೂ ಒಂದೇ ಕಡೆ ನಡೆಯೋದಿಲ್ಲ. ನಮ್ಮ ಪತ್ರಿಕೆಗಳು, ಎಷ್ಟೋ ಸಲ ಇಲಾಖೆಯ ಪ್ರಕಟಣೆಗಳೂ, ಮೂರಕ್ಕೂ ಕಲಬೆರಕೆ ಅಂತಲೇ ಬರೆದುಬಿಡುತ್ತವೆ.

ಇದರಿಂದ ಏನಾಗುತ್ತೆ ಅಂತ ಒಂದು ಪ್ಯಾಕೆಟ್ ಇಟ್ಟುಕೊಂಡು ಹೇಳುತ್ತೇನೆ. ಇನ್ನೂರು ಗ್ರಾಮಿನ ಶೇಂಗಾ ಚಟ್ನಿಪುಡಿ ಅಂದುಕೊಳ್ಳಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆ, ಬೇರೇನೂ ಇಲ್ಲ. ಹುರಿದದ್ದು ಹದವಾಗಿದೆ, ಕುಟ್ಟಿದ್ದು ಶುದ್ಧವಾಗಿದೆ. ಆದರೆ ತಯಾರಿಸಿದ ದಿನಾಂಕ ಹಾಕೋದು ಬಿಟ್ಟುಹೋಗಿದೆ. ಕಾಯ್ದೆಯ ಕಣ್ಣಿಗೆ ಇದು ಮಿಸ್‌ಬ್ರಾಂಡೆಡ್. ಪುಡಿಯಲ್ಲಿ ಏನೂ ದೋಷವಿಲ್ಲ, ದೋಷ ಇರೋದು ಚೀಟಿಯಲ್ಲಿ. ಇದಕ್ಕೆ 3 ಲಕ್ಷ ರೂಪಾಯಿವರೆಗೆ ದಂಡ ಇದೆ, ಜೈಲಿಲ್ಲ. ಮರುದಿನ ಪೇಪರಿನಲ್ಲಿ ‘ಕಲಬೆರಕೆ ಚಟ್ನಿಪುಡಿ ಪತ್ತೆ’ ಅಂತ ಬಂದರೆ ಆ ಸಂಘದ ಹೆಂಗಸರ ಮಾನ ಏನಾಗಬೇಕು ಹೇಳಿ. ದಂಡ ಕಟ್ಟಿ ಮುಗಿಸಬಹುದು, ಆ ಹೆಸರು ಊರಲ್ಲಿ ಉಳಿದುಬಿಡುತ್ತದೆ.

ಸಬ್‌ಸ್ಟ್ಯಾಂಡರ್ಡ್ ಅಂದರೆ ನಿಗದಿ ಮಾಡಿದ ಮಟ್ಟಕ್ಕೆ ಬಂದಿಲ್ಲ, ಆದರೆ ತಿಂದರೆ ಅಪಾಯವಿಲ್ಲ. ಟೋನ್ಡ್ ಹಾಲಿನಲ್ಲಿ ಶೇ. 3ರಷ್ಟು ಕೊಬ್ಬು, ಶೇ. 8.5ರಷ್ಟು ಕೊಬ್ಬಿಲ್ಲದ ಘನಾಂಶ ಇರಬೇಕು. ನೀರು ಬೆರೆಸಿದ್ದಕ್ಕೆ ಅದು ಕಡಿಮೆಯಾದರೆ ಸಬ್‌ಸ್ಟ್ಯಾಂಡರ್ಡ್, ದಂಡ 5 ಲಕ್ಷದವರೆಗೆ. ನೋಡಿ, ನಾವು ಕಲಬೆರಕೆಗೆ ಮೊದಲ ಉದಾಹರಣೆಯಾಗಿ ಕೊಡುವ ‘ಹಾಲಿಗೆ ನೀರು’ ಹೊಸ ಕಾಯ್ದೆಯಲ್ಲಿ ಸಾಮಾನ್ಯವಾಗಿ ಈ ಎರಡನೇ ಗುಂಪಿಗೆ ಸೇರುತ್ತದೆ. ಅದೇ ಹಾಲಿಗೆ ಯೂರಿಯಾ ಹಾಕಿದರೆ ಮಾತ್ರ ಅನ್‌ಸೇಫ್. ಅಲ್ಲಿಂದ ಜೈಲಿನ ಮಾತು ಶುರು. ಅಂಥ ಆಹಾರದಿಂದ ಸಾವಾದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಸಜೆ, ಕನಿಷ್ಠ 10 ಲಕ್ಷ ದಂಡ. ಮಿಸ್‌ಬ್ರಾಂಡೆಡ್, ಸಬ್‌ಸ್ಟ್ಯಾಂಡರ್ಡ್ ಎರಡನ್ನೂ ನ್ಯಾಯನಿರ್ಣಯ ಅಧಿಕಾರಿ ತೀರ್ಮಾನಿಸುತ್ತಾರೆ, ಅನ್‌ಸೇಫ್ ಆದರೆ ಕೋರ್ಟಿಗೆ ಹೋಗುತ್ತದೆ. ಇಷ್ಟು ದೂರದ ಮೂರು ಸಂಗತಿಗೆ ಒಂದೇ ಹೆಸರು ಸಾಕಾ?

ಕಾಯ್ದೆಯಲ್ಲಿ ಕಲಬೆರಕೆ ಪೂರ್ತಿ ಹೋಗಿಲ್ಲ, ಅದನ್ನೂ ಹೇಳಬೇಕು. ಬೆರೆಸುವ ಪದಾರ್ಥಕ್ಕೆ, ಅಂದರೆ ಅಡಲ್ಟರೆಂಟ್ ಅನ್ನೋದಕ್ಕೆ ಅಲ್ಲಿ ಬೇರೆ ವ್ಯಾಖ್ಯೆ ಇದೆ, ಅದನ್ನು ಇಟ್ಟುಕೊಂಡಿದ್ದಕ್ಕೂ ಬೇರೆ ದಂಡ ಇದೆ. ಅದಕ್ಕೆ ‘ಕಲಬೆರಕೆ ವಸ್ತು’ ಸರಿಯಾಗಿ ಕೂರುತ್ತದೆ. ನನ್ನ ತಕರಾರು ಅದನ್ನು ಸಿಕ್ಕಿದ್ದಕ್ಕೆಲ್ಲಾ ಅಂಟಿಸೋದರ ಬಗ್ಗೆ.

ಹಾಗಾದರೆ ಬದಲಿ ಏನು? ಹಿಂದಿಯಲ್ಲಿ ಸಬ್‌ಸ್ಟ್ಯಾಂಡರ್ಡಿಗೆ ‘ಅವಮಾನಕ’, ಮಿಸ್‌ಬ್ರಾಂಡೆಡ್‌ಗೆ ‘ಮಿಥ್ಯಾ ಛಾಪ್’ ಅನ್ನುತ್ತಾರೆ. ಅವಮಾನಕ ಅನ್ನೋದನ್ನು ಹಾಗೇ ಎತ್ತಿಕೊಂಡು ಬಂದರೆ ಕನ್ನಡದಲ್ಲಿ ಅದು ಮರ್ಯಾದೆ ಹೋಗುವ ಮಾತಾಗುತ್ತದೆ, ಖಂಡಿತ ಬೇಡ. ಅನ್‌ಸೇಫ್‌ಗೆ ‘ಅಸುರಕ್ಷಿತ’ ಅಂತ ಬಳಕೆಯಲ್ಲಿದೆ. ಅರ್ಥ ಸರಿ, ಆದರೆ ತಣ್ಣಗಿದೆ. ತಿಂದರೆ ಕೇಡು ಅನ್ನೋದು ಅದರಲ್ಲಿ ಕೇಳಿಸೋದಿಲ್ಲ. ನಾನು ‘ಅಪಾಯಕಾರಿ ಆಹಾರ’ ಅಂತ ಬರೆದಿದ್ದೇನೆ. ಸಬ್‌ಸ್ಟ್ಯಾಂಡರ್ಡಿಗೆ ‘ಕಳಪೆ’ ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಕಳಪೆ ಅಂದರೆ ಜನಕ್ಕೆ ಕೆಟ್ಟದ್ದು ಅಂತಲೇ ಅನಿಸುತ್ತದೆ. ‘ಮಟ್ಟ ಮುಟ್ಟದ’ ಅಂದರೆ ಹೇಗೆ? ಇಷ್ಟಿರಬೇಕಿತ್ತು, ಅಷ್ಟಿಲ್ಲ ಅನ್ನೋದು ನೇರವಾಗಿ ಬರುತ್ತದೆ.

ಮಿಸ್‌ಬ್ರಾಂಡೆಡ್ ನನ್ನನ್ನು ಜಾಸ್ತಿ ಕಾಡಿದ ಪದ. ಕೆಲವರು ‘ತಪ್ಪು ಬ್ರ್ಯಾಂಡಿಂಗ್’ ಅಂತ ಬರೆಯುತ್ತಾರೆ. ಇದು ದೊಡ್ಡ ಕಂಪನಿಗಳ ವಿಷಯ, ನಮಗಲ್ಲ ಅಂತ ಸಂಘದವರು ಪುಟ ತಿರುಗಿಸಿಬಿಡುತ್ತಾರೆ. ಬ್ರ್ಯಾಂಡ್ ಅಂದರೆ ಅವರಿಗೆ ಟಿವಿ ಜಾಹೀರಾತು. ಇನ್ನೊಂದು ತೊಡಕೂ ಇದೆ. ದಿನಾಂಕ ಬಿಟ್ಟಿದ್ದೂ ಇದೇ ಪದದಡಿ ಬರುತ್ತದೆ, ಬೇರೆಯವರ ಹೆಸರು ಹಾಕಿಕೊಂಡು ಮಾರಿದ್ದೂ ಇದರಡಿಯೇ ಬರುತ್ತದೆ. ಮೊದಲನೆಯದು ಲೋಪ, ಎರಡನೆಯದು ಮೋಸ. ಕನ್ನಡದಲ್ಲಿ ಎರಡು ಮಾಡಿದರೆ ಚೆಂದ, ಆದರೆ ಕಾಯ್ದೆ ಒಂದೇ ಹೆಸರಿಟ್ಟಿರುವಾಗ ನಾವು ಒಡೆದರೆ ಓದಿದವರಿಗೆ ಎರಡು ಬೇರೆ ಕಲಮುಗಳಿವೆ ಅಂತ ಅನಿಸುತ್ತದೆ. ಅದಕ್ಕೇ ಸದ್ಯಕ್ಕೆ ಎರಡನ್ನೂ ಒಳಗೊಳ್ಳುವಂತೆ ‘ಲೇಬಲ್ ದೋಷ’ ಅಂತ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಇನ್ನು ‘ದಾಳಿ’. ಆಹಾರ ಸುರಕ್ಷತಾಧಿಕಾರಿ ಅಂಗಡಿಗೋ ಅಡುಗೆಮನೆಗೋ ಬಂದು ನೋಡೋದು ತಪಾಸಣೆ. ಅದು ಅವರ ದಿನದ ಕೆಲಸ. ಪೇಪರಿನಲ್ಲಿ ಮಾತ್ರ ‘ಹೋಟೆಲ್‌ಗಳ ಮೇಲೆ ದಾಳಿ’. ಸ್ಯಾಂಪಲ್ ತೆಗೆದುಕೊಂಡು ಹೋದರೆ ‘ವಶಕ್ಕೆ’. ಸ್ಯಾಂಪಲ್ ತೆಗೆಯೋಕೆ ಒಂದು ಕ್ರಮ ಇದೆ: ತೆಗೆದದ್ದನ್ನು ನಾಲ್ಕು ಪಾಲು ಮಾಡಿ ಮುದ್ರೆ ಹಾಕಬೇಕು, ಒಂದು ಪಾಲು ಆಹಾರ ವಿಶ್ಲೇಷಕರಿಗೆ, ಅವರು 14 ದಿನದೊಳಗೆ ವರದಿ ಕೊಡಬೇಕು. ವರದಿ ಬರೋವರೆಗೆ ಅದು ಬರೀ ಮಾದರಿ. ‘ಎತ್ತಿಕೊಂಡು ಹೋದರು’ ಅಂದಾಗ ಕೇಳೋರಿಗೆ ಆಗಲೇ ತಪ್ಪು ಸಾಬೀತಾದ ಹಾಗೆ.

‘ನೋಟಿಸ್’ ಕಥೆಯೂ ಇದೇ. ಸೆಕ್ಷನ್ 32ರಲ್ಲಿ ಬರುವ ಇಂಪ್ರೂವ್‌ಮೆಂಟ್ ನೋಟಿಸ್ ನಿಜಕ್ಕೂ ಒಂದು ಅವಕಾಶ. ಏನು ಸರಿಯಿಲ್ಲ, ಏನು ಮಾಡಬೇಕು ಅಂತ ಬರೆದು, ಸರಿಮಾಡಿಕೊಳ್ಳೋಕೆ ಕನಿಷ್ಠ 14 ದಿನ ಕೊಡಬೇಕು. ಆದರೆ ಹಳ್ಳಿಯಲ್ಲಿ ‘ನೋಟಿಸ್ ಬಂದೈತಿ’ ಅಂದರೆ ಮುಗಿಯಿತು, ಗಂಡಸರು ವಕೀಲರ ಮನೆ ಹುಡುಕುತ್ತಾರೆ, ಹೆಂಗಸರು ಒಲೆ ಆರಿಸುತ್ತಾರೆ. ‘ಸುಧಾರಣಾ ನೋಟಿಸ್’ ಅಂತ ಇಲಾಖೆಯವರು ಹೇಳಿದರೂ ಕಿವಿಗೆ ಬೀಳೋದು ಕೊನೆಯ ಪದ ಮಾತ್ರ. ‘ಸರಿಪಡಿಸುವ ಸೂಚನೆ’ ಅಂತ ಬರೆದರೆ ಭಯ ಕಡಿಮೆಯಾಗುತ್ತಾ? ಅಥವಾ ಸೂಚನೆ ಅಂದಾಗ ತೀರಾ ಹಗುರಾಗಿ ಸುಮ್ನೆ ಬದಿಗಿಟ್ಟುಬಿಡುತ್ತಾರಾ? ಬದಿಗಿಟ್ಟರೆ ಲೈಸೆನ್ಸ್ ಅಮಾನತಾಗಬಹುದು, ಹಾಗಾಗಿ ಇದನ್ನು ನಾನೊಬ್ಬನೇ ತೀರ್ಮಾನಿಸೋಕೆ ಹಿಂಜರಿಯುತ್ತಿದ್ದೇನೆ.

ಈ ನೋಟಿಸ್ ಕೊಡುವ ಡೆಸಿಗ್ನೇಟೆಡ್ ಆಫೀಸರ್‌ಗೆ ನಮ್ಮ ಇಲಾಖೆ ‘ಅಂಕಿತಾಧಿಕಾರಿ’ ಅಂತ ಹೆಸರಿಟ್ಟಿದೆ. ಪದ ಗಟ್ಟಿಯಾಗಿದೆ, ನಿಂತುಕೊಂಡಿದೆ, ಅದನ್ನು ಮುಟ್ಟೋದು ಬೇಡ.

ಫುಡ್ ಬಿಸಿನೆಸ್ ಆಪರೇಟರ್ ಅನ್ನೋದನ್ನು ‘ಆಹಾರ ವ್ಯಾಪಾರಿ’ ಅಂತ ಬರೆಯೋದು ಮಾತ್ರ ಸರಿಯಿಲ್ಲ. ಕಾಯ್ದೆಯ ಪ್ರಕಾರ ಲಾಭಕ್ಕಿರಲಿ, ಲಾಭವಿಲ್ಲದೆ ಇರಲಿ, ಸರ್ಕಾರದ್ದಾಗಲಿ, ಖಾಸಗಿಯಾಗಲಿ, ಆಹಾರ ತಯಾರಿಸಿ ಹಂಚುವ ಕೆಲಸವೆಲ್ಲಾ ಇದರೊಳಗೆ ಬರುತ್ತದೆ. ಮಠದ ದಾಸೋಹ ನಡೆಸುವವರನ್ನು ವ್ಯಾಪಾರಿ ಅಂದರೆ ಒಪ್ಪುತ್ತಾರಾ? ಒಪ್ಪಬಾರದು ಕೂಡ. ‘ಆಹಾರ ನಿರ್ವಾಹಕರು’ ಅಂತ ಒಬ್ಬರು ಸೂಚಿಸಿದರು, ನನಗೆ ಬಸ್ ಕಂಡಕ್ಟರ್ ನೆನಪಾಗುತ್ತಾರೆ. ‘ಆಹಾರ ಒದಗಿಸುವವರು’ ಉದ್ದವಾದರೂ ತಪ್ಪಿಲ್ಲ.

ಈಗ ದಿನಾಂಕದ ವಿಷಯ. ಬೆಸ್ಟ್ ಬಿಫೋರ್ ಬೇರೆ, ಎಕ್ಸ್‌ಪೈರಿ ಅಥವಾ ಯೂಸ್ ಬೈ ಬೇರೆ. ಬೆಸ್ಟ್ ಬಿಫೋರ್ ದಾಟಿದರೆ ರುಚಿ, ಘಮ ಕಡಿಮೆಯಾಗಿರಬಹುದು, ತಿನ್ನೋಕೆ ಚೆನ್ನಾಗೇ ಇರಬಹುದು. ಎಕ್ಸ್‌ಪೈರಿ ದಾಟಿದ್ದನ್ನು ಮಾರುವ ಹಾಗೇ ಇಲ್ಲ. 2020ರ ಲೇಬಲಿಂಗ್ ನಿಯಮಗಳಲ್ಲಿ ಎಕ್ಸ್‌ಪೈರಿ ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಿದ್ದರೆ ಜೊತೆಗೆ ಹಾಕಬಹುದು. ನಮ್ಮ ಮಾತಿನಲ್ಲಿ ಎರಡೂ ಒಂದೇ: ‘ಡೇಟ್ ಮುಗಿದಿದೆ’. ಮುದ್ರಣದಲ್ಲೂ ಎರಡಕ್ಕೂ ‘ಅವಧಿ’ ಅಂತ ಹಾಕುತ್ತಾರೆ. ನಾನು ಮೊದಲನೆಯದಕ್ಕೆ ‘ಇದರೊಳಗೆ ತಿಂದರೆ ರುಚಿ’, ಎರಡನೆಯದಕ್ಕೆ ‘ಈ ದಿನದ ನಂತರ ತಿನ್ನಬೇಡಿ’ ಅಂತ ವಾಕ್ಯವನ್ನೇ ಕೊಡಬೇಕು ಅಂತಿದ್ದೇನೆ. ನಾಮಪದ ಹುಡುಕೋದಕ್ಕಿಂತ ಹೇಳಬೇಕಾದ್ದನ್ನು ಹೇಳಿಬಿಡೋದು ವಾಸಿ, ಅಲ್ವಾ? ಶೆಲ್ಫ್ ಲೈಫಿಗೆ, ಅಂದರೆ ಕೆಡದೆ ಇರುವ ಕಾಲಕ್ಕೆ, ಧಾರವಾಡ ಕಡೆಯವರ ಬಾಯಲ್ಲಿ ಸಿದ್ಧ ಪದ ಇದೆ. ‘ಎಷ್ಟು ದಿನ ತಡೀತೈತಿ?’ ಅಂತಲೇ ಕೇಳೋದು. ‘ತಡೆಯುವ ಅವಧಿ’ ಅಂತ ಬರೆದರೆ ದಕ್ಷಿಣದವರಿಗೆ ಅಡ್ಡಿ ಮಾಡೋದು ಅಂತ ಅರ್ಥವಾದೀತು ಅನ್ನೋ ಅಳುಕಿದೆ. ‘ಬಾಳಿಕೆ’ ಎಲ್ಲರಿಗೂ ಆಗುತ್ತೇನೋ.

ಕೆಡೋದಕ್ಕಂತೂ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಹಿಟ್ಟು ಹುಳಿಯುತ್ತದೆ, ಕೊಬ್ಬರಿ ಕಮಟುತ್ತದೆ, ಅಕ್ಕಿ ಮುಗ್ಗುತ್ತದೆ, ಹಣ್ಣು ಕೊಳೆಯುತ್ತದೆ, ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ, ಬೇಳೆಗೆ ಹುಳು ಬೀಳುತ್ತದೆ. ಅಪಾಯಕಾರಿ ಆಹಾರದ ವ್ಯಾಖ್ಯೆಯಲ್ಲಿ ಕೊಳೆತದ್ದು, ನಾರುವಂಥದ್ದು, ಹುಳು ಬಿದ್ದದ್ದು ಎಲ್ಲಾ ಬರುತ್ತವೆ. ಅದನ್ನು ‘ವಿಘಟನೆಗೊಂಡ ಸಸ್ಯಜನ್ಯ ಪದಾರ್ಥ’ ಅಂತ ಬರೆಯೋದು ನಮ್ಮ ಅಡುಗೆಮನೆಗೆ ಮಾಡುವ ಅನ್ಯಾಯ. ಕೈಪಿಡಿಯಲ್ಲಿ ಈ ಪದಗಳನ್ನೇ ಬಳಸುತ್ತೇನೆ, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅಲರ್ಜಿ ತರುವ ಪದಾರ್ಥ ಇದ್ದರೆ ಅದನ್ನು ಲೇಬಲ್ ಮೇಲೆ ಬೇರೆಯಾಗಿ ಹೇಳಬೇಕು. ಆ ಪಟ್ಟಿಯಲ್ಲಿ ಹಾಲು, ಮೊಟ್ಟೆ, ಮೀನು, ಸೋಯಾ, ಗೋಧಿಯಂಥ ಧಾನ್ಯಗಳ ಜೊತೆ ಶೇಂಗಾ ಕೂಡ ಇದೆ. ಈ ನಿಯಮದ ಲೇಬಲ್ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಸೇರಿಸೋಕೆ ಅಡ್ಡಿಯಿಲ್ಲ. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು ಮತ್ತು ಬಳಸುವ ಕ್ರಮ ಕನ್ನಡದಲ್ಲೂ ಇರಬೇಕು ಅಂತ 2025ರ ಫೆಬ್ರವರಿಯಲ್ಲಿ ಸರ್ಕಾರ ಹೇಳಿದ ಮೇಲೆ ಕನ್ನಡ ಲೇಬಲ್‌ಗಳು ಹೆಚ್ಚಾಗಲಿ ಅನ್ನೋ ಆಸೆ ನನ್ನದು. ಹೆಚ್ಚಾದಾಗ ಅಲ್ಲಿ ಯಾವ ಪದ ಕೂರಬೇಕು? ಉತ್ತರ ಕರ್ನಾಟಕದಲ್ಲಿ ಶೇಂಗಾ. ಮೈಸೂರು, ಬೆಂಗಳೂರು ಕಡೆ ಕಡಲೆಕಾಯಿ, ಕಡಲೆಬೀಜ. ಕರಾವಳಿಯಲ್ಲಿ ನೆಲಕಡಲೆ. ಬರೀ ಕಡಲೆ ಅಂದರೆ ಬೇರೆಯೇ ಕಾಳು, ಕಡಲೆಹಿಟ್ಟು ಆಗೋದು ಅದರಿಂದ. ಹುರಿಗಡಲೆ ಆಗೋದೂ ಅದರಿಂದಲೇ, ಉತ್ತರದವರು ಅದಕ್ಕೆ ಪುಟಾಣಿ ಅನ್ನುತ್ತಾರೆ. ಪುಟ್ಟ ಅಕ್ಷರದಲ್ಲಿ ‘ಕಡಲೆ ಇದೆ’ ಅಂತ ಮುದ್ರಿಸಿದರೆ ಓದಿದವರು ಏನಂತ ತಿಳಿಯಬೇಕು? ಶೇಂಗಾ ಅಲರ್ಜಿ ಇರುವ ಮಗುವಿಗೆ ಒಂದು ಚಮಚ ಪುಡಿಯಿಂದ ಉಸಿರಾಟಕ್ಕೇ ತೊಂದರೆಯಾಗಬಹುದು. ‘ಶೇಂಗಾ/ಕಡಲೆಕಾಯಿ ಬೀಜ’ ಅಂತ ಎರಡನ್ನೂ ಜೊತೆಗೇ ಹಾಕಬೇಕು ಅನ್ನೋದು ನನ್ನ ನಿಲುವು, ಜಾಗ ಸಾಲದಿದ್ದರೆ ಬೇರೇನಾದರೂ ಚಿಕ್ಕದು ಮಾಡಲಿ.

ಅಲರ್ಜಿ ಅನ್ನೋ ಪದಕ್ಕೂ ಇದೇ ಗತಿ. ನಮ್ಮ ಮನೆಗಳಲ್ಲಿ ‘ಅದು ನನಗೆ ಆಗಿಬರಲ್ಲ’, ‘ಒಗ್ಗಲ್ಲ’ ಅಂತಾರೆ, ಬದನೆಕಾಯಿಗೆ ‘ನಂಜು’ ಅಂತಾರೆ. ನಂಜು ಅಂದರೆ ವಿಷ ಅಂತಲೂ ಇರೋದರಿಂದ ಪ್ಯಾಕೆಟ್ ಮೇಲೆ ಹಾಕೋಕಾಗಲ್ಲ. ‘ಶೇಂಗಾ ಆಗಿಬರದವರು ತಿನ್ನಬೇಡಿ’ ಅಂದರೆ ಓದೋರಿಗೆ ತಲುಪುತ್ತೆ ಅನಿಸುತ್ತದೆ, ಆದರೆ ಆಗಿಬರಲ್ಲ ಅನ್ನೋದನ್ನು ಜನ ಬರೀ ಹೊಟ್ಟೆ ಉಬ್ಬರಕ್ಕೂ ಹೇಳುತ್ತಾರಲ್ಲ, ಅಪಾಯದ ಗಾತ್ರ ಅದರಲ್ಲಿ ಬರುತ್ತಾ? ಕರಾವಳಿ ಮತ್ತು ಮಲೆನಾಡಿನವರು ಇದಕ್ಕೆ ಏನು ಹೇಳುತ್ತಾರೆ ಅಂತ ನನಗೆ ಮುಖ್ಯವಾಗಿ ಬೇಕು, ಅಲ್ಲಿ ಸಿಗಡಿ, ಏಡಿ ತಿಂದು ಮೈಮೇಲೆ ದದ್ದು ಏಳೋದಕ್ಕೆ ಮನೆಮಾತಿನ ಪದ ಇದ್ದೇ ಇರಬೇಕು. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ. ನಿಮ್ಮ ಊರು ಯಾವುದು, ಅಲ್ಲಿ ಯಾವ ಪದ ನಡೆಯುತ್ತೆ ಅಂತ ಎರಡು ಸಾಲು ಬರೆದರೂ ಸೇರಿಸಿಕೊಳ್ಳುತ್ತೇನೆ.